ಕರಿಯನಿಗೊಂದು ರಾತ್ರಿ ಕೆಲಸ

ಪಕ್ಕದ ಮನೆ ನಾಯಿಯನ್ನು ಚಿರತೆ ಹೊತ್ತೊಯ್ದ ಮೇಲೆ ನಮ್ಮ ಕರಿಯನನ್ನು ಕತ್ತಲಾಗೋ ಮೊದಲೇ ಗ್ರಿಲ್ ಹಾಕಿದ ಜಗಲಿಯೊಳಗೆ ಕೂಡ್ತೀವಿ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯ ಒಂಟಿ ಮನೆಯವರಿಗೆ ಇದು ಹೊಸದಲ್ಲ ಬಿಡಿ.

ಜೀವ ಉಳೀತು, ನಾಯಿ ಮಂಕಾಯ್ತು. ತೋಟದಲ್ಲಿ ಮಂಗ ಓಡಿಸಿ ಬೆಳೆದವನು. ಈ ಮಳೆಯಲ್ಲಿ ಹಗಲೂ ಆ ಕೆಲಸ ಇಲ್ಲ. ಚಪ್ಪಲಿ ಕಡಿಯೋದು, ಊಳಿಡೋದು, ಕಾಲು ನೆಕ್ಕಿ ನೆಕ್ಕಿ ಗಾಯ ಮಾಡ್ಕೊಳ್ಳೋದು. ಗದರಿಸಿದೆ, ತಪ್ಪು ನಂದೇ.

ಈಗ ರಾತ್ರಿ ಊಟ ತಟ್ಟೆಗೆ ಹಾಕಲ್ಲ. ಏಳೆಂಟು ಅಡಿಕೆ ಹಾಳೆ ಮಗುಚಿಟ್ಟು, ಮೂರ್ನಾಲ್ಕರ ಅಡಿಗೆ ಮಾತ್ರ ಕಡುಬಿನ ಚೂರು ಇಡ್ತೀನಿ. (ಔಷಧಿ ಹೊಡೆದ ಮರದ ಹಾಳೆ ಬೇಡ, ಮೈಲುತುತ್ತ ನೆಕ್ಕೀತು.) ಮೂಸಿ ಹುಡುಕೋಕೆ ಕಾಲು ಗಂಟೆ. ಆಮೇಲೆ ಗಡದ್ದು ನಿದ್ದೆ. ಕಾಲಿನ ಗಾಯ ಒಣಗ್ತಿದೆ.

ನಿನ್ನೆ ಮಗಳು ಬರೀ ಖಾಲಿ ಹಾಳೆ ಇಟ್ಟಿದ್ಳು. ಎಲ್ಲ ಮಗುಚಿ ನೋಡಿ, ನನಗೇ ಬೊಗಳಿದ.