ಎಚ್ಚರಾದ ಮೇಲಿನ ನೋವು

ಉತ್ತರ ಕರ್ನಾಟಕದ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಅರಿವಳಿಕೆಯ ವೈದ್ಯನಾಗಿ ಸೇರಿದ 1980ರ ದಶಕದಲ್ಲಿ, ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೆಂದರೆ ಇಡೀ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ಕೂಡಿಯೇ ತೆಗೆದುಹಾಕುವುದೆಂಬ ಅರ್ಥವಿತ್ತು. ಅರಿವಳಿಕೆ ಕೊಡುವ ಬಾಯಲ್ಸ್ ಯಂತ್ರದ ಪಕ್ಕದಲ್ಲಿ ಕುಳಿತು, ರೋಗಿಯ ನಾಡಿಯನ್ನು ಬೆರಳ ತುದಿಯಲ್ಲಿಯೂ ಉಸಿರನ್ನು ರಬ್ಬರು ಚೀಲದ ಏರಿಳಿತದಲ್ಲಿಯೂ ಅರಿಯುತ್ತ, ಗಾಯ ಹೊಲಿದ ಮೇಲೆ ಆಕೆ ಕಣ್ದೆರೆದು ತನ್ನ ಹೆಸರಿಗೆ ಓಗೊಟ್ಟಳೆಂದರೆ ನಮ್ಮ ಕರ್ತವ್ಯ ಸಾಂಗವಾಯಿತೆಂದು ನಾವೆಲ್ಲರೂ ಭಾವಿಸುತ್ತಿದ್ದ ಕಾಲವದು. ಅನಂತರದ ನೋವಿಗೆ ಪೆಂಟಜೋಸಿನ್ ಚುಚ್ಚುಮದ್ದು. ಮಾರ್ಫಿನ್ ಎಂಬುದು, 1985ರ ಮಾದಕವಸ್ತು ಕಾಯಿದೆ ಬಂದ ಬಳಿಕ, ಪರವಾನಗಿಗಳ ತೊಡಕಿನಿಂದ ದುರ್ಲಭವೇ ಆಗಿಹೋಯಿತು.

ಆದರೆ ಆರು ತಿಂಗಳೋ ವರ್ಷವೋ ಕಳೆದು ತಪಾಸಣೆಗೆ ಬರುತ್ತಿದ್ದ ಹೆಣ್ಣುಮಕ್ಕಳು, ಅರ್ಬುದ ಮರುಕಳಿಸಿಲ್ಲವೆಂಬ ಶುಭವಾರ್ತೆಯನ್ನು ಕೇಳಿದ ಮೇಲೆಯೂ, ಏನನ್ನೋ ಹೇಳಲು ಸಂಕೋಚಪಡುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಗಾಯ ಮಾಯೈತ್ರಿ ಡಾಕ್ಟರ್ರ, ಆದ್ರ ರವಿಕಿ ತಾಗಿದ್ರ ಸಾಕು, ಕಂಕುಳಾಗ ಕೆಂಡ ಇಟ್ಟಂಗ ಉರಿತೈತ್ರಿ" ಎಂದು ಗದಗಿನ ಕಡೆಯ ತಾಯಿಯೊಬ್ಬಳು ಹೇಳಿದುದು ಇಂದಿಗೂ ಕಿವಿಯಲ್ಲಿದೆ. ರೊಟ್ಟಿ ಬಡಿಯುವ ಕೈ, ಹೊಲದಲ್ಲಿ ಕಳೆ ಕೀಳುವ ಕೈ, ಭುಜದ ಮಟ್ಟಕ್ಕೂ ಏಳಲಾರದೆ ಹೋಗಿತ್ತು. ಜೀವ ಉಳಿಯಿತಲ್ಲ, ಅದೇ ದೊಡ್ಡದೆಂಬ ಸಮಾಧಾನವನ್ನು ಎಲ್ಲರೂ ಹೇಳುತ್ತಿದ್ದರು. ಆ ಸಮಾಧಾನ ಅನ್ಯಾಯದ್ದೆಂದೇ ನನ್ನ ಅಭಿಪ್ರಾಯ.

ಕಂಕುಳಿನ ಗ್ರಂಥಿಗಳ ನಡುವೆ ಹಾದು ತೋಳಿನ ಒಳಮೈಗೆ ಸ್ಪರ್ಶಜ್ಞಾನವನ್ನೀಯುವ ಇಂಟರ್‌ಕಾಸ್ಟೊಬ್ರೇಕಿಯಲ್ ಎಂಬ ತೆಳುವಾದ ನರವೊಂದಿದೆ. ಗ್ರಂಥಿಗಳನ್ನು ಬಿಡಿಸುವಾಗ ಅದು ಕತ್ತರಿಸಿಹೋಗುವುದು ಇಲ್ಲವೆ ಎಳೆತಕ್ಕೆ ಸಿಕ್ಕುವುದು ಬಹು ಸಾಮಾನ್ಯ. ಗಾಯಗೊಂಡ ಅಂಗದಿಂದ ಹರಿದುಬರುವ ಸಂವೇದನೆಗಳು ಬೆನ್ನುಹುರಿಯನ್ನೇ ಅತಿಸೂಕ್ಷ್ಮವಾಗಿಸುತ್ತವೆಂದು 1983ರಲ್ಲಿ ಕ್ಲಿಫರ್ಡ್ ವುಲ್ಫ್ ಅವರು ತೋರಿಸಿಕೊಟ್ಟ ಮೇಲೆ, ನಾವು ಕೊಡುವ ಮಂಪರಿನಲ್ಲಿ ಪ್ರಜ್ಞೆ ಮಲಗಿದ್ದರೂ ಬೆನ್ನುಹುರಿ ಎಚ್ಚರವಾಗಿಯೇ ಇದ್ದು ಪ್ರತಿಯೊಂದು ಕೊಯ್ತವನ್ನೂ ಅನುಭವಿಸುತ್ತಿರುತ್ತದೆಂಬ ಅರಿವು ನಮ್ಮ ವೃತ್ತಿಯನ್ನೇ ಕಲಕಿತು. ಡೆನ್ಮಾರ್ಕಿನಲ್ಲಿ ದೇಶವ್ಯಾಪಿಯಾಗಿ ವಿಚಾರಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾಗಿ ಒಂದರಿಂದ ಮೂರು ವರ್ಷ ಕಳೆದ ಸ್ತ್ರೀಯರಲ್ಲಿ ಶೇಕಡಾ 47 ಮಂದಿ ನೋವಿದೆಯೆಂದೇ ಉತ್ತರಿಸಿದ್ದರು.

ಸಂವೇದನೆಯನ್ನು ಬೆನ್ನುಹುರಿಯ ಬಾಗಿಲಲ್ಲೇ ತಡೆಯುವ ವಿಧಾನ ಹೊಸದಾಗಿರಲಿಲ್ಲ. ಬೆನ್ನೆಲುಬಿನ ಪಕ್ಕದಲ್ಲಿ ಔಷಧವಿಡುವ ಪ್ಯಾರಾವರ್ಟಿಬ್ರಲ್ ಬ್ಲಾಕನ್ನು ಜರ್ಮನಿಯ ಹ್ಯೂಗೊ ಸೆಲ್ಹೈಮ್ 1905ರಲ್ಲಿಯೇ ಪ್ರಯೋಗಿಸಿದ್ದರು. ಮರೆತುಹೋಗಿದ್ದ ಅದನ್ನು 1979ರಲ್ಲಿ ಈಸನ್ ಮತ್ತು ವ್ಯಾಟ್ ಎಂಬವರು ಮತ್ತೆ ಬೆಳಕಿಗೆ ತಂದರು. ಬೆನ್ನಿನ ನಡುಗೆರೆಯಿಂದ ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಸೂಜಿಯನ್ನಿಳಿಸಿ, ಮೂಳೆ ತಾಗಿದೊಡನೆ ಅದರ ಅಂಚನ್ನು ಜಾರಿಸಿ, ಇನ್ನೊಂದು ಸೆಂಟಿಮೀಟರ್ ಮುಂದೆ ಸಾಗಿ, ನರವನ್ನು ಮರಗಟ್ಟಿಸುವ ಬ್ಯುಪಿವಕೇನ್ ಔಷಧವನ್ನು ತುಂಬುವ ಆ ಕೆಲಸದಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಶ್ವಾಸಕೋಶದ ಪೊರೆಗೆ ಸೂಜಿ ತಾಗೀತೆಂಬ ಭಯದಿಂದ ಬಹುಮಂದಿ ಅದರ ಗೊಡವೆಗೇ ಹೋಗಲಿಲ್ಲ.

ಆ ಭಯವನ್ನು ನೀಗಿದುದು ಅಲ್ಟ್ರಾಸೌಂಡ್. ಹೆಣ್ಣುಭ್ರೂಣಹತ್ಯೆಯನ್ನು ತಡೆಯಲೆಂದು ಬಂದ 1994ರ ಕಾಯಿದೆಯ ಮೇರೆಗೆ ಇಂತಹ ಪ್ರತಿಯೊಂದು ಯಂತ್ರವೂ ನೋಂದಣಿಯಾಗಬೇಕಾದುದರಿಂದ, ಬರಿಯ ನರಗಳನ್ನು ನೋಡಲು ಬೇಡಿದ ನಮ್ಮ ಯಂತ್ರವೂ ಕಾಗದಪತ್ರಗಳ ಅದೇ ದೀರ್ಘ ಮಾರ್ಗವನ್ನು ಸವೆಸಿ ಬರಬೇಕಾಯಿತು. ಕಾಯಿದೆಯ ಅಗತ್ಯವನ್ನು ನಾನೆಂದೂ ಪ್ರಶ್ನಿಸಿದವನಲ್ಲ; ಹೆಣ್ಣುಮಗುವನ್ನು ಉಳಿಸುವ ನಿಯಮ ಹೆಣ್ಣುಮಗಳ ನೋವಿನ ಶಮನವನ್ನು ತಡಮಾಡಿತಲ್ಲ ಎಂಬ ಖೇದ ಮಾತ್ರ ನನಗುಂಟು. ಉಸಿರಿಗೆ ತಕ್ಕಂತೆ ಸರಿದಾಡುವ ಶ್ವಾಸಕೋಶದ ಪೊರೆಯ ಬಿಳಿಗೆರೆಯನ್ನು ಪರದೆಯ ಮೇಲೆ ಮೊದಲ ಸಲ ಕಂಡಾಗ ನನಗಾದ ಆನಂದ ಅಷ್ಟಿಷ್ಟಲ್ಲ. ಅನಂತರ ಎದೆಯ ಸ್ನಾಯುಗಳ ನಡುವೆಯೇ ಔಷಧವನ್ನಿಡುವ ರಫಾಯೆಲ್ ಬ್ಲಾಂಕೊ ಅವರ ಪೆಕ್ಸ್ ಬ್ಲಾಕ್ 2011ರಲ್ಲಿಯೂ, ಬೆನ್ನಿನ ಸ್ನಾಯುವಿನಡಿಯ ಎರೆಕ್ಟರ್ ಸ್ಪೈನೇ ಬ್ಲಾಕ್ 2016ರಲ್ಲಿಯೂ ಪ್ರಕಟವಾದುವು. ಹಿಂಜರಿಯುತ್ತಿದ್ದ ತರುಣ ವೈದ್ಯರು ಧೈರ್ಯವಾಗಿ ಕೈಹಚ್ಚಿದರು.

ಇದರಿಂದ ಆ ಬಹುಕಾಲದ ಉರಿ ತಪ್ಪುವುದೇ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಕಾಕ್ರೇನ್ ಸಮೀಕ್ಷೆ, ಏಳು ಮಂದಿಗೆ ಬ್ಲಾಕ್ ಕೊಟ್ಟರೆ ಒಬ್ಬಳನ್ನು ದೀರ್ಘಕಾಲದ ನೋವಿನಿಂದ ಪಾರುಮಾಡಬಹುದೆಂದು ಲೆಕ್ಕಹಾಕಿತು; ಮರುವರ್ಷ, ಡೇನಿಯಲ್ ಸೆಸ್ಲರ್ ಅವರ ನೇತೃತ್ವದಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಸ್ತ್ರೀಯರ ಮೇಲೆ ನಡೆದ ಪರೀಕ್ಷೆಯಲ್ಲಿ, ಬ್ಲಾಕ್ ಪಡೆದವರಲ್ಲಿಯೂ ಪಡೆಯದವರಲ್ಲಿಯೂ ಆರು ತಿಂಗಳ ನೋವು ಶೇಕಡಾ 52ರಷ್ಟೇ ಇತ್ತು. ಹೀಗೆ ಪ್ರಮಾಣಗಳು ಪರಸ್ಪರ ಹೊಂದಿಕೆಯಾಗದಿರುವಾಗ, ನರವನ್ನು ಮರಗಟ್ಟಿಸಿದ ಮಾತ್ರಕ್ಕೆ ಕಡಿದ ನರ ಕೂಡಲಾರದೆಂಬುದನ್ನು ಒಪ್ಪಿಕೊಂಡು, ಇಂಟರ್‌ಕಾಸ್ಟೊಬ್ರೇಕಿಯಲ್ ನರವನ್ನು ಸಾಧ್ಯವಿದ್ದಷ್ಟೂ ಉಳಿಸುವ ಶಸ್ತ್ರವೈದ್ಯನ ಕೈಗೆ ನಮ್ಮಷ್ಟೇ ಹೊಣೆಯಿದೆಯೆಂದು ನಾನು ನಂಬುತ್ತೇನೆ. ಆದರೂ ಮೊದಲ ರಾತ್ರಿಯ ತೀವ್ರ ವೇದನೆಯೂ ಮಾರ್ಫಿನ್ನಿನ ಅಗತ್ಯವೂ ಬ್ಲಾಕಿನಿಂದ ಕಡಮೆಯಾಗುತ್ತವೆಂಬುದರಲ್ಲಿ ಸಂಶಯವಿಲ್ಲ; ಅದನ್ನು ಕೊಡಲು ಅಷ್ಟೇ ಸಾಕಾದ ಕಾರಣ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿಯಿಷ್ಟು: ನಿಮ್ಮ ಮನೆಯ ಹೆಣ್ಣುಮಗಳಿಗೆ ಈ ಶಸ್ತ್ರಚಿಕಿತ್ಸೆ ನಿಶ್ಚಯವಾದರೆ, ಮೊದಲೇ ಅರಿವಳಿಕೆಯ ವೈದ್ಯರನ್ನು ಕಂಡು, ಎದೆಯ ನರಗಳಿಗೆ ಬ್ಲಾಕ್ ಕೊಡುವಿರಾ ಎಂದು ಕೇಳಿರಿ; ಮೂರು ತಿಂಗಳು ಕಳೆದರೂ ಉರಿಯೋ ಜೋಮೋ ಬಿಡದಿದ್ದರೆ, ಸಂಕೋಚಪಡದೆ ಆಸ್ಪತ್ರೆಗೆ ಹೋಗಿ ಹೇಳಿರಿ; ನರನೋವಿಗೆಂದೇ ಕೊಡುವ ಔಷಧಗಳು ಇವೆ.