ಕೃತಿಯ ಪ್ರಯೋಜನ: ಜಲಸಂಗ್ವಿಯ ಗೋಡೆಯಿಂದ ತರಗತಿಯವರೆಗೆ

‘ಈ ಪಾಠವನ್ನು ಬರೆದ ಲೇಖಕರ ಉದ್ದೇಶವೇನು?’ ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಈ ಪ್ರಶ್ನೆಗೆ ಮೂರು ಸಿದ್ಧ ಉತ್ತರಗಳುಂಟು: ತಿಳಿಸುವುದು, ರಂಜಿಸುವುದು, ಮನವೊಲಿಸುವುದು. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಇದೇ ಪ್ರಶ್ನೆಗೆ ಆರು ಪ್ರಯೋಜನಗಳನ್ನು ಎಣಿಸಿದ್ದಾನೆ: ಯಶಸ್ಸು, ಧನ, ವ್ಯವಹಾರಜ್ಞಾನ, ಅಶುಭನಿವಾರಣೆ, ತತ್‌ಕ್ಷಣದ ಆನಂದ, ಕಾಂತೆಯ ಮಾತಿನಂತೆ ಒಲಿಸಿ ಹೇಳುವ ಉಪದೇಶ. ಇವುಗಳಲ್ಲಿ ಕೆಲವು ಕವಿಗೆ ಸಲ್ಲುತ್ತವೆ, ಕೆಲವು ಓದುಗನಿಗೆ; ಒಂದೇ ಕೃತಿಯಲ್ಲಿ ಹಲವು ಕೂಡಿಯೂ ಇರಬಹುದು. ಈ ಸೂಕ್ಷ್ಮವನ್ನು ಹನ್ನೆರಡು ಹದಿಮೂರರ ಮಕ್ಕಳಿಗೆ ಮನಗಾಣಿಸಲು ಹುಮನಾಬಾದಿನ ಶಿಕ್ಷಕರು ದೂರ ಹೋಗಬೇಕಿಲ್ಲ.

ಅದೇ ತಾಲ್ಲೂಕಿನ ಜಲಸಂಗ್ವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವಿದೆ. ಅದರ ಗೋಡೆಯಲ್ಲಿ ಶಾಸನವನ್ನು ಬರೆಯುತ್ತಿರುವ ಸುಂದರಿಯೊಬ್ಬಳ ಶಿಲ್ಪವಿದೆ. ಅವಳು ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಸ್ತುತಿ. ಶಾಸನವೆಂದೊಡನೆ ‘ತಿಳಿಸುವುದು’ ಎಂದು ಮಗು ಉತ್ತರಿಸಬಹುದು. ಆದರೆ ಆ ಸಂಸ್ಕೃತ ಸಾಲನ್ನು ಓದಬಲ್ಲವರು ಎಷ್ಟು ಮಂದಿ? ಓದಲಾರದವರೂ ನಿಂತು ನೋಡುವಂತೆ ಅದನ್ನೇಕೆ ಸುಂದರಿಯ ಕೈಗೆ ಕೊಟ್ಟರು? ಇಷ್ಟು ಕೇಳಿದರೆ ಸಿದ್ಧ ಉತ್ತರ ಸಾಲದಾಗುತ್ತದೆ.

ಈ ವಿಕ್ರಮಾದಿತ್ಯನ ಆಸ್ಥಾನ ಇಂದಿನ ಬಸವಕಲ್ಯಾಣದಲ್ಲಿತ್ತು. ಕಾಶ್ಮೀರದಿಂದ ಬಂದ ಬಿಲ್ಹಣ ಅಲ್ಲಿ ‘ವಿದ್ಯಾಪತಿ’ಯಾಗಿ, ‘ವಿಕ್ರಮಾಂಕದೇವಚರಿತ’ವನ್ನು ರಚಿಸಿದನು. ವಿಕ್ರಮಾದಿತ್ಯನು 1076ರಲ್ಲಿ ಪಟ್ಟವೇರಿದ್ದು ಅಣ್ಣ ಎರಡನೆಯ ಸೋಮೇಶ್ವರನನ್ನು ಸೋಲಿಸಿ. ಕಾವ್ಯದಲ್ಲಾದರೋ ತಮ್ಮನು ರಾಜ್ಯವನ್ನು ಬಯಸಿದವನಲ್ಲ. ಶಿವನ ಆಜ್ಞೆಯೇ ಅವನನ್ನು ಯುದ್ಧಕ್ಕೆ ಎಳೆಯುತ್ತದೆ. ಕವಿಯ ಆಶ್ರಯದಾತ ಯಾರೆಂಬುದನ್ನು ಅರಿತ ಓದುಗನಿಗೆ ದೈವಾಜ್ಞೆಯ ಈ ಪ್ರಸಂಗ ಬೇರೆಯಾಗಿಯೇ ಕಾಣುತ್ತದೆ. ಹಾಗೆಂದು ಕಾವ್ಯದ ಸೊಗಸು ಸುಳ್ಳಾಗುವುದಿಲ್ಲ. ಆನಂದವೂ ಸಮರ್ಥನೆಯೂ ಅಲ್ಲಿ ಜೊತೆಯಾಗಿವೆ.

ಮಕ್ಕಳಿಗೆ ಇನ್ನೂ ಹತ್ತಿರವಾದುದು ದುರ್ಗಸಿಂಹನ ‘ಪಂಚತಂತ್ರ’. ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ಆತನು ಸುಮಾರು 1031ರಲ್ಲಿ ವಸುಭಾಗಭಟ್ಟನ ಪರಂಪರೆಯ ಕಥೆಗಳನ್ನು ಕನ್ನಡ ಚಂಪುವಾಗಿಸಿದನು. ಕಥೆಯ ಒಳಗೆ ಗುರುವೊಬ್ಬನು ರಾಜಕುಮಾರರಿಗೆ ನೀತಿಯನ್ನು ಬೋಧಿಸುತ್ತಾನೆ. ಹೊರಗೆ ಸಂಧಿ ವಿಗ್ರಹಗಳ ವ್ಯವಹಾರ ಬಲ್ಲ ಅಧಿಕಾರಿಯೊಬ್ಬನು ಪಂಡಿತರು ಮೆಚ್ಚುವ ಚಂಪೂಶೈಲಿಯಲ್ಲಿ ಬರೆಯುತ್ತಿದ್ದಾನೆ. ಗುರುವಿನ ಉದ್ದೇಶವೇ ಲೇಖಕನ ಉದ್ದೇಶವೂ ಹೌದೇ? ನರಿ ಸಿಂಹಗಳ ಕಥೆ ಕೇಳಿ ನಕ್ಕ ಮಗುವೂ ಈ ಪ್ರಶ್ನೆಯನ್ನು ಹಿಡಿಯಬಲ್ಲದು.

ಉದ್ದೇಶವನ್ನು ಹುಡುಕುವುದೆಂದರೆ ಲೇಖಕನ ಮನಸ್ಸನ್ನು ಊಹಿಸುವುದಲ್ಲ. ಯಾರಿಗಾಗಿ ಬರೆದದ್ದು, ಯಾರ ಆಶ್ರಯದಲ್ಲಿ ಬರೆದದ್ದು, ಏನನ್ನು ಹಿಗ್ಗಿಸಿದೆ, ಏನನ್ನು ಬಿಟ್ಟಿದೆ ಎಂಬುದಕ್ಕೆ ಪಠ್ಯದಲ್ಲಿಯೂ ಅದರ ಕಾಲದಲ್ಲಿಯೂ ಆಧಾರ ತೋರಬೇಕು. ಸಂಶೋಧಕನಿಗೆ ಇರುವ ಈ ನಿಯಮವೇ ಏಳನೆಯ ತರಗತಿಯ ವಿದ್ಯಾರ್ಥಿಗೂ ಸಲ್ಲುತ್ತದೆ. ಅದನ್ನು ಕಲಿಯದೆ ಬೆಳೆದವನು ಚುನಾವಣೆಯ ಕರಪತ್ರವನ್ನೂ ಜಾಹೀರಾತನ್ನೂ ಮೊಬೈಲಿಗೆ ಬಂದ ಸಂದೇಶವನ್ನೂ ಬರೆದವರು ಬಯಸಿದಂತೆಯೇ ಓದುತ್ತಾನೆ. ಕಲಿತವನು ಬಿಲ್ಹಣನನ್ನು ಸವಿಯುತ್ತಲೇ, ಸೋತ ಸೋಮೇಶ್ವರನ ಕಡೆಯ ಮಾತನ್ನು ಯಾರು ಬರೆದರು ಎಂದು ಕೇಳುತ್ತಾನೆ.