ಕಡಲ ದಂಡೆಯ ಬಾಡಿಗೆ ಮನೆ

ಸ್ಪೇನ್ ದೇಶದ ಬಾರ್ಸಿಲೋನಾ ನಗರ ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿದೆ. ನಮ್ಮ ಮಿರಜ ಕಡೆಯಿಂದ ಹೋಗಿ ಯುರೋಪಿನಲ್ಲಿ ನೆಲೆಸಿರುವ ಒಂದು ಕುಟುಂಬ ರಜೆಗೆಂದು ಅಲ್ಲಿ ಒಂದು ವಾರ ಮನೆ ಹಿಡಿದಿತ್ತು. ಅವರ ಒತ್ತಾಯಕ್ಕೆ ನಾನೂ ಅವರೊಂದಿಗೆ ಇದ್ದೆ.

ಮನೆಯೇನೋ ಅರಮನೆಯಂತಿತ್ತು. ಅಮೃತಶಿಲೆಯ ಬಚ್ಚಲು, ಬಿಳಿಯ ಹಾಸಿಗೆ, ಬಟ್ಟೆ ತೊಳೆಯುವ ಯಂತ್ರ, ಬಾಲ್ಕನಿಯಲ್ಲಿ ನಿಂತರೆ ನೀಲಿ ಕಡಲು. ಅಡುಗೆಮನೆಯಲ್ಲಿ ಆ ತಾಯಿ ಜೋಳದ ರೊಟ್ಟಿಯನ್ನೂ ಬಡಿದರು. ಆದರೆ ಏಳು ದಿನವೂ ಮನೆಯ ಯಜಮಾನರ ಮುಖ ನಾವು ಕಾಣಲಿಲ್ಲ. ಮೊಬೈಲಿಗೆ ಬಂದ ಅಂಕಿಗಳನ್ನು ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಮ್ಹೈಸಾಳದಲ್ಲಿ ಯಾರ ಮನೆಗೆ ಹೋದರೂ ಮೊದಲು ನೀರು, ಬೆಲ್ಲ ಬರುತ್ತದೆ. ಇಲ್ಲಿ ನಮ್ಮನ್ನು ಎದುರುಗೊಂಡದ್ದು ಗೋಡೆಗೆ ಅಂಟಿಸಿದ ನಿಯಮಗಳ ಹಾಳೆ.

ಆ ಬಡಾವಣೆಯ ಹೆಸರು ಬಾರ್ಸಿಲೋನೆಟಾ. ಅದರ ಚರಿತ್ರೆ ಕೇಳುವಂಥದ್ದು. 1714ರ ಯುದ್ಧದಲ್ಲಿ ನಗರ ಸೋತ ಮೇಲೆ ರಾಜನು ಕೋಟೆ ಕಟ್ಟಿಸಲು ಲಾ ರಿಬೇರಾ ಎಂಬ ಕೇರಿಯ ಬಹುಭಾಗವನ್ನು ಕೆಡವಿಸಿದ. ಹೀಗೆ ಮನೆ ಕಳೆದುಕೊಂಡವರಿಗೂ ಬಂದರಿನ ಜನರಿಗೂ ಆಸರೆಯಾಗಲೆಂದು 1753ರಲ್ಲಿ ಈ ಬಡಾವಣೆಯನ್ನು ಕಟ್ಟಲು ಆರಂಭಿಸಿದರು. ಮುಂದೆ ಜನ ಹೆಚ್ಚಿದಂತೆ ಒಂದೊಂದು ಅಂತಸ್ತನ್ನೂ ನಾಲ್ಕು ಪಾಲು ಮಾಡಿದರು. ಒಂದು ಪಾಲೆಂದರೆ ಸುಮಾರು 30 ಚದರ ಮೀಟರ್. ಬೆಸ್ತರು, ನಾವಿಕರು, ಕೂಲಿಗಳು ಅಷ್ಟರಲ್ಲೇ ಮಕ್ಕಳನ್ನು ಸಾಕಿದರು.

ಈಗ ಇಂಥ ಮನೆಗಳಲ್ಲಿ ಎಷ್ಟೋ ನಮ್ಮಂಥ ಪ್ರವಾಸಿಗಳ ಪಾಲಾಗಿವೆ. ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆಯಲ್ಲಿ ಲಾಭ ಹೆಚ್ಚು. 2014ರ ಆಗಸ್ಟ್‌ನಲ್ಲಿ ಇಲ್ಲಿಯ ನಿವಾಸಿಗಳು ಬೀದಿಗಿಳಿದು ಪ್ರತಿಭಟಿಸಿದರು. ಹತ್ತು ವರ್ಷಗಳಲ್ಲಿ ನಗರದ ಮನೆ ಬಾಡಿಗೆ ಶೇ. 68ರಷ್ಟು ಏರಿದೆ ಎಂದು 2024ರ ಜೂನ್‌ನಲ್ಲಿ ಹೇಳಿದ ಮೇಯರ್, 10,101 ಪ್ರವಾಸಿ ಮನೆಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ಮುಂದುವರಿಸುವುದಿಲ್ಲವೆಂದು ಘೋಷಿಸಿದರು. ಇದರಿಂದ ಕಳ್ಳ ವಸತಿಗಳು ಹೆಚ್ಚುತ್ತವೆ ಎಂಬುದು ಮಾಲೀಕರ ವಾದ. ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಕೇರಿಯಲ್ಲೇ ಜನ ಮತ್ತೆ ಮನೆ ಕಳೆದುಕೊಳ್ಳುವ ಭಯದಲ್ಲಿದ್ದಾರೆ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಸಾಂತಾ ಮಾರಿಯಾ ದೆಲ್ ಮಾರ್, ಅಂದರೆ ಸಮುದ್ರದ ಮರಿಯಮ್ಮನವರ ದೇವಾಲಯವಿದೆ. 1329ರಲ್ಲಿ ಕೆಲಸ ಆರಂಭವಾದಾಗ ಬಂದರಿನ ಹಮಾಲರು ಮೊಂಜುಯಿಕ್ ಬೆಟ್ಟದ ಕಲ್ಲುಗಳನ್ನು ಬೆನ್ನ ಮೇಲೆ ಹೊತ್ತು ತಂದರು. ದೊಡ್ಡ ಬಾಗಿಲ ಮೇಲೆ ಇಂದಿಗೂ ಹೊರೆ ಹೊತ್ತ ಅವರ ಪುಟ್ಟ ಕಂಚಿನ ಆಕೃತಿಗಳಿವೆ. ಇದೇ ನಗರದ ಜಗತ್ಪ್ರಸಿದ್ಧ ದೇವಾಲಯ ಸಗ್ರಾದಾ ಫಮೀಲಿಯಾ; ಹಾಗೆಂದರೆ ಪವಿತ್ರ ಕುಟುಂಬ. ಬೆತ್ಲೆಹೇಮಿನಲ್ಲಿ ತಂಗಲು ಸ್ಥಳ ಸಿಗದೆ ಅಲೆದ ಕುಟುಂಬವದು. ದೇವರ ಮನೆಗೆ ಕಲ್ಲು ಹೊತ್ತ ಜನರ ಊರಿನಲ್ಲಿ ಇಂದಿನ ದುಡಿಯುವ ಕುಟುಂಬಕ್ಕೊಂದು ಮನೆ ಬೇಡವೇ?

ಈ ಪ್ರಶ್ನೆ ನಮಗೂ ಹೊರತಲ್ಲ. 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಮಿಷನ್ ಆಸ್ಪತ್ರೆ ತೆರೆದಂದಿನಿಂದ ಮಿರಜ ವೈದ್ಯರ ಊರಾಗಿದೆ. ಬೆಳಗಾವಿ, ವಿಜಯಪುರದ ಕಡೆಯ ರೋಗಿಗಳ ಮನೆಯವರು ಇಲ್ಲಿ ಖೋಲಿ ಹುಡುಕುತ್ತಾರೆ. ಅವರು ಕಡಲು ನೋಡಲು ಬಂದವರಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಸಾಂಗಲಿ ಜಿಲ್ಲೆಯ ಸಾವಿರಾರು ಕುಟುಂಬಗಳು ಶಾಲೆಗಳಲ್ಲಿ, ಬಂಧುಗಳ ಮನೆಗಳಲ್ಲಿ ದಿನ ಕಳೆದವು. ಮನೆಯ ಬೆಲೆ ನಮ್ಮ ಜನರಿಗೆ ಯಾರೂ ಕಲಿಸಬೇಕಾಗಿಲ್ಲ.

ಪ್ರಿಯ ಕುಟುಂಬಗಳೇ, ರಜೆಯಲ್ಲಿ ಪ್ರವಾಸ ಮಾಡಿರಿ, ದೇವರ ಸೃಷ್ಟಿಯ ಚೆಲುವನ್ನು ಸವಿಯಿರಿ. ತಂಗುವ ಮನೆ ಯಾರದು, ಅಕ್ಕಪಕ್ಕದಲ್ಲಿ ಯಾರಿದ್ದಾರೆ ಎಂದು ಒಮ್ಮೆ ವಿಚಾರಿಸಿರಿ. ಇನ್ನು ನಿಮ್ಮ ಮನೆಯಲ್ಲೇ ಒಂದು ಖೋಲಿ ಖಾಲಿಯಿದ್ದರೆ, ಆಸ್ಪತ್ರೆಗೆ ಬಂದವರಿಗೆ ಅದನ್ನು ಕೊಡುವಾಗ ಬಾಡಿಗೆ ಹೇಳುವ ಮೊದಲು ನೀರು, ಬೆಲ್ಲ ಕೊಡಿರಿ.